ಸೂಜಿಯಂಥ ಹುಳ ಗುರುತಿಸಿ, ಹಳ್ಳದ ನೀರು ಕಾಪಾಡಿ

ಕಾರವಾರ, ಅಂಕೋಲಾದ ಹೈನುಗಾರ ಸಹೋದರಿಯರೇ, ಗದ್ದೆಯಂಚಿಗೆ ಹುಲ್ಲು ಕೊಯ್ಯಲು ಹೋದಾಗ ಸೂಜಿಯಂತೆ ತೆಳ್ಳಗಿನ ಹುಳ ಹಾರುವುದನ್ನು ನೋಡಿದ್ದೀರಾ? ಅದು ಏರೋಪ್ಲೇನ್ ಚಿಟ್ಟೆಯ ನೆಂಟ, ಹೆಸರು ಡ್ಯಾಮ್ಸೆಲ್‌ಫ್ಲೈ.

ಗುರುತಿಸುವುದು ಸುಲಭ. ಏರೋಪ್ಲೇನ್ ಚಿಟ್ಟೆ ರೆಕ್ಕೆ ಹರಡಿ ಕೂರುತ್ತದೆ. ಇದು ಹೆಚ್ಚಾಗಿ ಬೆನ್ನ ಮೇಲೆ ಮಡಚಿ ಕೂರುತ್ತದೆ. ಎರಡು ಕಣ್ಣುಗಳ ನಡುವೆ ಅಂತರವಿರುತ್ತದೆ. ಉದ್ದ ಹೊಟ್ಟೆ ಅಚ್ಚ ಹಳದಿ, ಎದೆ ಹಸಿರು ಇದ್ದರೆ ಅದು ‘ಕೋರಮಂಡಲ್ ಮಾರ್ಷ್ ಡಾರ್ಟ್’ ಜಾತಿಯ ಗಂಡು.

ಇದರ ಮರಿಗಳು ನೀರಲ್ಲೇ ಬೆಳೆದು ಸೊಳ್ಳೆಮರಿಗಳನ್ನು ತಿನ್ನುತ್ತವೆ. ಆದ್ದರಿಂದ ದನಗಳಿಗೆ ಉಣುಗಿನ ಔಷಧ ಸಿಂಪಡಿಸಿದ ಪಂಪು, ಡಬ್ಬಿಗಳನ್ನು ಕೆರೆ-ಹಳ್ಳದಲ್ಲಿ ತೊಳೆಯಬೇಡಿ. ಡೆಲ್ಟಾಮೆಥ್ರಿನ್‌ನಂಥ ಔಷಧ ಸ್ವಲ್ಪವೇ ಸೇರಿದರೂ ಈ ಮರಿಗಳು, ಮೀನುಗಳು ಸಾಯಬಹುದು. ಸೊಳ್ಳೆ ಬೇಗ ಮತ್ತೆ ಹುಟ್ಟುತ್ತದೆ. ಅದನ್ನು ತಿನ್ನುವವರು ಇರುವುದಿಲ್ಲ.