ಗೋಮಾಳದ ಅಣಬೆಯ ವಿಳಾಸ

ಮಾಯಕೊಂಡ ಕಡೆಯ ಯುವ ಓದುಗರೊಬ್ಬರು ಎರಡು ಫೋಟೊ ಕಳಿಸಿದ್ದಾರೆ. ಆರಿದ್ರಾ ಮಳೆ ಹೊಯ್ದ ಮೇಲೆ ಊರ ಗೋಮಾಳದಲ್ಲಿ ಕಿತ್ತ ಅಣಬೆಗಳಂತೆ. ಎರಡೂ ಬಿಳಿ, ಎರಡೂ ಅಂಗೈಯಗಲ, ಎರಡರ ಕಾಂಡದ ಸುತ್ತಲೂ ಉಂಗುರ. ಒಂದು ಹುತ್ತದ ಮಗ್ಗುಲಲ್ಲಿ ಸಿಕ್ಕಿದ್ದು, ಇನ್ನೊಂದು ದನ ನಿಲ್ಲಿಸುವ ಜಾಗದ ಹುಲ್ಲಿನಲ್ಲಿ. ಮೊಬೈಲಿನ ಆ್ಯಪ್ ಎರಡಕ್ಕೂ ಒಂದೇ ಹೆಸರು ಹೇಳಿತು. ಮನೆಯಲ್ಲಿದ್ದ ಅಜ್ಜಿ ಮಾತ್ರ ಒಂದನ್ನು ಒಳಗಿಟ್ಟುಕೊಂಡು ಇನ್ನೊಂದನ್ನು ತಿಪ್ಪೆಗೆ ಎಸೆದರು. ‘ಹೆಂಗೆ ಗೊತ್ತಾಯ್ತು ಅಂದ್ರೆ, ಗೊತ್ತಾಗುತ್ತೆ ಅಂತಾರೆ ಅಷ್ಟೇ. ನಾನು ಕಲಿಯೋದು ಹೆಂಗೆ ಸಾರ್?’ ಎಂದು ಕೇಳಿದ್ದಾರೆ.

ಮೊದಲು ಆ್ಯಪ್ ವಿಚಾರ ಮುಗಿಸಿಬಿಡೋಣ. ಕೃತಕ ಬುದ್ಧಿಮತ್ತೆ ಬಂತು, ಇನ್ನು ಗಿಡ-ಹಕ್ಕಿ-ಅಣಬೆ ಎಲ್ಲವನ್ನೂ ಫೋನೇ ಹೇಳುತ್ತದೆ ಎಂಬ ಜಾಹೀರಾತನ್ನು ನಾನು ನಂಬುವುದಿಲ್ಲ. 2023ರಲ್ಲಿ ಆಸ್ಟ್ರೇಲಿಯಾದ ವಿಷಶಾಸ್ತ್ರ ಸಂಶೋಧಕರು ಮೂರು ಆ್ಯಪ್‌ಗಳಿಗೆ, ತಜ್ಞರು ಆಗಲೇ ಗುರುತಿಸಿದ್ದ ಅಣಬೆಗಳ ಚಿತ್ರ ತೋರಿಸಿ ಪರೀಕ್ಷೆ ಮಾಡಿದರು. ಮೊದಲ ಸ್ಥಾನ ಪಡೆದದ್ದರ ಸರಿಯುತ್ತರ ಶೇ. 49. ಎಸ್ಸೆಸ್ಸೆಲ್ಸಿಯಲ್ಲಿ 49 ಬಂದರೆ ಪಾಸು. ಸಾರಿಗೆ ಹಾಕುವ ಪದಾರ್ಥಕ್ಕೆ ಆ ರಿಯಾಯಿತಿ ಇಲ್ಲ.

ಅಜ್ಜಿ ‘ಎಲ್ಲಿ ಸಿಕ್ತು?’ ಎಂದು ಮೊದಲು ಕೇಳಿರಬೇಕು, ಮೊಮ್ಮಗ ಅದನ್ನು ಬರೆದಿಲ್ಲ. ಹಳ್ಳಿಯಲ್ಲಿ ಅಣಬೆ ಬಲ್ಲವರಿಗೆ ಅದರ ಮುಖಕ್ಕಿಂತ ವಿಳಾಸ ಚೆನ್ನಾಗಿ ಗೊತ್ತಿರುತ್ತದೆ. ಇಂಥ ಹುತ್ತ, ಇಂಥ ಮಳೆ, ಹೋದ ವರ್ಷವೂ ಎದ್ದಿತ್ತು, ಅವ್ವನ ಕಾಲದಲ್ಲೂ ಏಳುತ್ತಿತ್ತು. ಈ ಜ್ಞಾನ ಗಟ್ಟಿ, ಆದರೆ ಆ ಗೋಮಾಳದ ಗಡಿಯೊಳಗೆ ಮಾತ್ರ. ಅದೇ ಅಜ್ಜಿಯನ್ನು ಹರಿಹರದ ಹೊಳೆದಂಡೆಯ ಹುಲ್ಲುಗಾವಲಿಗೆ ಕರೆದೊಯ್ದರೆ ಅವರೂ ಹಿಂದೆಮುಂದೆ ನೋಡುತ್ತಾರೆ. ಹೊಸಬರಿಗೆ ವಿಳಾಸ ಗೊತ್ತಿಲ್ಲ, ಹಾಗಾಗಿ ಮುಖಲಕ್ಷಣದ ಸೂತ್ರ ಹುಡುಕುತ್ತಾರೆ: ಉಂಗುರವಿದ್ದರೆ ವಿಷ, ಹುಳ ತಿಂದಿದ್ದರೆ ಒಳ್ಳೆಯದು, ಬೆಳ್ಳಿ ಕಪ್ಪಾದರೆ ಕೆಟ್ಟದ್ದು, ಅರಿಶಿನ ಹಾಕಿ ಕುದಿಸಿದರೆ ಎಲ್ಲ ಸರಿ. ಇವೆಲ್ಲ ಸುಳ್ಳು. ಮನುಷ್ಯರನ್ನು ಕೊಲ್ಲುವ ಅಮಟಾಕ್ಸಿನ್ ಬೆಳ್ಳಿಯನ್ನು ಕಪ್ಪು ಮಾಡುವುದಿಲ್ಲ, ಕುದಿಸಿದರೂ ಒಣಗಿಸಿದರೂ ಹಾಳಾಗುವುದಿಲ್ಲ. ವಿಷದ ಅಣಬೆಯನ್ನು ಬಸವನಹುಳು ಮೇಯುತ್ತದೆ. ಇನ್ನು ಉಂಗುರವೋ, ನಮ್ಮ ಅತಿ ರುಚಿಯ ಹುತ್ತದ ಅಣಬೆಗಳಲ್ಲೇ ಒಂದಕ್ಕೆ ದಪ್ಪ ಉಂಗುರವಿದೆ.

ಆ ಹುತ್ತದ ಅಣಬೆಯ ವಿಳಾಸವನ್ನೇ ಸ್ವಲ್ಪ ಆಳಕ್ಕೆ ಅಗೆಯೋಣ. ಗೋಮಾಳದಲ್ಲಿ ಹುಲ್ಲು ಮೇಯುವವರು ಇಬ್ಬರು, ಹಸು ಮತ್ತು ಗೆದ್ದಲು. ಒಣಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಇಬ್ಬರಿಗೂ ಸಾಲದು, ಸೂಕ್ಷ್ಮಜೀವಿಗಳ ಕೂಲಿ ಬೇಕೇ ಬೇಕು. ಹಸು ಆ ಹುದುಗುವ ಕೊಪ್ಪರಿಗೆಯನ್ನು ಹೊಟ್ಟೆಯೊಳಗಿಟ್ಟುಕೊಂಡೇ ಊರೆಲ್ಲ ತಿರುಗುತ್ತದೆ. ಗೆದ್ದಲು ಕೊಪ್ಪರಿಗೆಯನ್ನು ಮನೆಯಲ್ಲಿಟ್ಟು ಕೆಲಸಕ್ಕೆ ಬರುತ್ತದೆ. ಕೆಲಸಗಾರ ಗೆದ್ದಲುಗಳು ಒಣಹುಲ್ಲು, ತರಗು, ಒಣಗಿದ ಸಗಣಿಯನ್ನು ಕತ್ತರಿಸಿ ನುಂಗಿ, ಹುತ್ತದೊಳಗೆ ಬಂದು ಅರೆಬರೆ ಜೀರ್ಣವಾದದ್ದನ್ನೇ ವಿಸರ್ಜಿಸಿ ಪದರ ಕಟ್ಟುತ್ತವೆ. ಪಾಳು ಬೀಳದ ಹುತ್ತ ಅಗೆದವರಿಗೆ ಅದು ಸಿಗುತ್ತದೆ: ಸುಕ್ಕುಗಟ್ಟಿದ, ತೂತು ತೂತಾದ, ಹಗುರವಾದ ಕಂದು ಮುದ್ದೆ, ಮೈತುಂಬ ಸಾಸಿವೆ ಗಾತ್ರದ ಬಿಳಿ ಗುಂಡುಗಳು. ಹುತ್ತದ ಅಣಬೆಯಾಗಿ ಮೇಲೇಳುವ ಶಿಲೀಂಧ್ರವೇ ಆ ಮುದ್ದೆಯೊಳಗೆಲ್ಲ ಹಬ್ಬಿ ನಾರನ್ನು ಒಡೆಯುತ್ತದೆ. ಗೆದ್ದಲು ಬಿಳಿ ಗುಂಡನ್ನೂ ಹಳತಾದ ಮುದ್ದೆಯನ್ನೂ ತಿನ್ನುತ್ತದೆ. ಎರಡನೇ ಸಲ ಜೀರ್ಣಿಸುವುದರಿಂದ ಇದನ್ನು ಮೆಲುಕು ಎಂದೇ ಕರೆಯಬಹುದು. ಹಸುವಿನ ಹೊಟ್ಟೆಯಲ್ಲೂ ಬ್ಯಾಕ್ಟೀರಿಯಾ ಜೊತೆ ಶಿಲೀಂಧ್ರಗಳಿವೆ ಎಂದು ಗೊತ್ತಾದದ್ದು ಬಹಳ ತಡವಾಗಿ. 1975ರಲ್ಲಿ ಇಂಗ್ಲೆಂಡಿನ ಕಾಲಿನ್ ಆರ್ಪಿನ್ ಕುರಿಯ ಮೊದಲ ಹೊಟ್ಟೆಯ ರಸದಲ್ಲಿ ಈಜಾಡುತ್ತಿದ್ದ ಕಣಗಳನ್ನು ನೋಡಿ, ಇವು ಶಿಲೀಂಧ್ರದ ಬೀಜಕಣಗಳು ಎಂದಾಗ ಸುಲಭಕ್ಕೆ ಯಾರೂ ಒಪ್ಪಲಿಲ್ಲ. ಆಮ್ಲಜನಕವಿಲ್ಲದೆ ಶಿಲೀಂಧ್ರ ಬದುಕುವುದುಂಟೇ ಎಂಬುದು ಆಗಿನ ತಕರಾರು.

ಗೆದ್ದಲಿನ ಈ ಬೇಸಾಯವನ್ನು ಬರೆದಿಟ್ಟ ಮೊದಲಿಗರಲ್ಲಿ ಒಬ್ಬ ಯೊಹಾನ್ ಗೆರ್ಹಾರ್ಡ್ ಕೋನಿಗ್. ಲಿನೇಯಸ್‌ನ ಶಿಷ್ಯ, ತಮಿಳುನಾಡಿನ ತರಂಗಂಬಾಡಿಯ ಡೇನಿಶ್ ವಸಾಹತಿನಲ್ಲಿ ವೈದ್ಯ. ತಂಜಾವೂರು ಸೀಮೆಯ ಹುತ್ತಗಳನ್ನು ಅಗೆದು ನೋಡಿ 1779ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ. 1847ರಲ್ಲಿ ಇಂಗ್ಲೆಂಡಿನ ಪಾದ್ರಿ ಮೈಲ್ಸ್ ಬರ್ಕ್‌ಲಿ ಸಿಲೋನಿನಿಂದ ಬಂದ ಉದ್ದಬೇರಿನ ಅಣಬೆಯೊಂದಕ್ಕೆ ಹೆಸರಿಟ್ಟ. ಇವುಗಳನ್ನೆಲ್ಲ ಒಂದೇ ಕುಲಕ್ಕೆ ಸೇರಿಸಿ ಟರ್ಮಿಟೋಮೈಸಿಸ್ ಎಂದು ಕರೆದವನು ಫ್ರಾನ್ಸಿನ ರೋಜರ್ ಹೈಮ್, 1942ರಲ್ಲಿ, ಯುದ್ಧದ ನಡುವೆ. ಮುಂದೆ ನಾಜಿಗಳ ಸೆರೆಶಿಬಿರ ಕಂಡು ಬದುಕಿ ಬಂದು ಪ್ಯಾರಿಸ್ಸಿನ ನಿಸರ್ಗ ಇತಿಹಾಸ ಸಂಗ್ರಹಾಲಯದ ಮುಖ್ಯಸ್ಥನಾದ. ಉಂಗುರವುಳ್ಳ ನಮ್ಮ ದಕ್ಷಿಣದ ಜಾತಿಯನ್ನು 1979ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಕೆ. ನಟರಾಜನ್ ವರ್ಣಿಸಿ, ಅವನ ಹೆಸರಿನಲ್ಲೇ ಟರ್ಮಿಟೋಮೈಸಿಸ್ ಹೈಮಿಯೈ ಎಂದು ಕರೆದರು.

ಬೇಸಾಯವೆಂದ ಮೇಲೆ ಕಳೆಯೂ ಇರಬೇಕಲ್ಲ. ಹುತ್ತದ ತೋಟದಲ್ಲಿ ಕ್ಸೈಲೇರಿಯಾ ಗುಂಪಿನ ಶಿಲೀಂಧ್ರ ಕಳೆಯಾಗಿ ಕಾಯುತ್ತಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ 2017ರಲ್ಲಿ ತೋರಿಸಿದಂತೆ, ಗೆದ್ದಲು ಬೆಳೆಯನ್ನೂ ಕಳೆಯನ್ನೂ ವಾಸನೆಯಿಂದಲೇ ಬೇರೆ ಮಾಡುತ್ತದೆ, ಕಳೆಯ ಮೇಲೆ ಮಣ್ಣಿನುಂಡೆ ತಂದು ಹಾಕಿ ಹೂಳುತ್ತದೆ. ಗೆದ್ದಲು ಸತ್ತ ಹುತ್ತದಲ್ಲಿ ಕೆಲವೇ ದಿನಕ್ಕೆ ಕಳೆಯದೇ ರಾಜ್ಯ. ಅಣಬೆ ಏಳಬೇಕಾದರೆ ಕೆಳಗೆ ಒಕ್ಕಲಿರಬೇಕು. ಜೆಸಿಬಿ ತಂದು ಹುತ್ತ ಕೆಡವಿ ಅಡಿಕೆ ಸಸಿ ಹಾಕಿದ ಕಡೆ ಅಣಬೆ ನಿಂತುಹೋಯಿತು ಎಂದು ಜನ ದೂರುವುದು ಇದಕ್ಕೇ. ಕಳೆ ಕೀಳುವ ಆ ಕೆಲಸಗಾರರನ್ನು ಬಿಟ್ಟು ಈ ಅಣಬೆಯನ್ನು ಶೆಡ್ಡಿನಲ್ಲಿ ಲಾಭಕ್ಕೆ ಬೆಳೆಯುವುದು ಇನ್ನೂ ಸಾಧ್ಯವಾಗಿಲ್ಲ. ಯೂಟ್ಯೂಬಿನಲ್ಲಿ ‘ಹುತ್ತದ ಅಣಬೆ ಬೀಜ’ ಮಾರುವವರಿಗೆ ದುಡ್ಡು ಕಳಿಸಬೇಡಿ. ಚಿಪ್ಪಣಬೆ, ಹಾಲಣಬೆಯ ಬೀಜ ಬೇಕಿದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ.

ಗುಡುಗಿದರೆ ಅಣಬೆ ಏಳುತ್ತದೆ ಎಂಬ ಮಾತಿಗೆ ಜಪಾನಿನ ಇವಾಟೆ ವಿಶ್ವವಿದ್ಯಾಲಯದ ಪ್ರಯೋಗವನ್ನು ಸಾಕ್ಷಿ ಮಾಡುವವರಿದ್ದಾರೆ. ಅಲ್ಲಿ ಶೀಟಾಕೆ ಬೆಳೆಯುವ ಮರದ ದಿಮ್ಮಿಗೆ ಕ್ಷಣಮಾತ್ರ ಭಾರಿ ವೋಲ್ಟೇಜ್ ಕೊಟ್ಟು ಇಳುವರಿ ಹೆಚ್ಚಿಸಿದ್ದು ನಿಜ. ಆದರೆ ದಿಮ್ಮಿಗೆ ತಂತಿ ಚುಚ್ಚುವುದು ಬೇರೆ, ಎಲ್ಲೋ ಗುಡುಗುವುದು ಬೇರೆ. ಹುತ್ತದ ಅಣಬೆಯ ಪಂಚಾಂಗಕ್ಕೆ ಇದಕ್ಕಿಂತ ಚೆಂದದ ಕಾರಣವಿದೆ. ಮುಂಗಾರಿನ ಮೊದಲ ಮಳೆಗೆ ರೆಕ್ಕೆಗೆದ್ದಲು ಹಾರಿ, ಜೋಡಿಯಾಗಿ ಮಣ್ಣು ಸೇರುತ್ತವೆ. ಮೊಟ್ಟೆಯೊಡೆದ ಮೊದಲ ಕೆಲಸಗಾರರು ಮೇವಿಗೆ ಹೊರಡುವ ಹೊತ್ತಿಗೆ ಹಳೆಯ ಹುತ್ತಗಳ ಮೇಲೆ ಅಣಬೆ ಅರಳಿ ಬೀಜಕಣ ಉದುರಿಸಿರುತ್ತದೆ. ಅಣಬೆ ಬೆಳೆಯುವ ಗೆದ್ದಲು ಜಾತಿಗಳಲ್ಲಿ ಹೆಚ್ಚಿನವು ಹೊಸ ಸಂಸಾರಕ್ಕೆ ಬಿತ್ತನೆ ಬೀಜ ಪಡೆಯುವುದು ಹೀಗೆ, ಮೇವಿನ ಜೊತೆಗೆ. ಮಳೆ ಕಡಿಮೆಯ ಮಾಯಕೊಂಡದಲ್ಲಿ ಈ ಅವಕಾಶ ಎರಡು ಹದಮಳೆಯ ನಡುವಿನ ನಾಲ್ಕಾರು ದಿನ ಅಷ್ಟೇ. ಮಲೆನಾಡಿನ ಹಾಗೆ ಬುಟ್ಟಿಗಟ್ಟಲೆ ಸಿಗುವ ಕಾಲ ಇಲ್ಲಿಲ್ಲ.

ಇನ್ನು ತಿಪ್ಪೆಗೆ ಹೋದದ್ದು, ದನ ನಿಲ್ಲಿಸುವ ಜಾಗದಲ್ಲಿ ಸಿಕ್ಕಿದ್ದು. ಸಗಣಿಯ ಮೇಲೆ ಶಿಲೀಂಧ್ರಗಳು ಸರದಿಯಲ್ಲಿ ಏಳುತ್ತವೆ. ಮೊದಲು ಪೈಲೋಬೋಲಸ್, ಗಾಜಿನ ಕೊಳವೆಯಷ್ಟು ಪಾರದರ್ಶಕ, ತುದಿಯಲ್ಲಿ ಕರಿ ಟೋಪಿ. ತನ್ನ ಸಗಣಿಯ ಪಕ್ಕದ ಹುಲ್ಲನ್ನು ಹಸು ಮೂಸಿಯೂ ನೋಡುವುದಿಲ್ಲ, ಆದ್ದರಿಂದ ಪೈಲೋಬೋಲಸ್ ನೀರಿನ ಒತ್ತಡದಿಂದ ಟೋಪಿಯನ್ನು ಎರಡು ಮೀಟರಿನಾಚೆ, ಬೆಳಕಿದ್ದ ದಿಕ್ಕಿಗೆ ಹಾರಿಸುತ್ತದೆ. ದನಗಳ ಶ್ವಾಸಕೋಶದ ಹುಳುವಿನ ಮರಿಗಳು ಆ ಕೊಳವೆ ಹತ್ತಿ ಟೋಪಿಯ ಜೊತೆಗೇ ಪ್ರಯಾಣ ಮಾಡುತ್ತವೆ ಎಂಬುದು 1962ರಲ್ಲಿ ಬೆಳಕಿಗೆ ಬಂತು. ಸಗಣಿ ಹಳತಾದಂತೆ ಕೊಡೆಯಾಕಾರದವು ಬರುತ್ತವೆ. ಅದರಲ್ಲೊಂದು ಸಿಲೊಸೈಬಿ ಕ್ಯುಬೆನ್ಸಿಸ್, ಅಮಲಿನಾಸೆಗೆ ಹುಡುಗರು ಗೋಮಾಳ ಜಾಲಾಡುವುದು ಇದಕ್ಕೇ. ಇದರ ಬಂಧುಗಳನ್ನು ಮೆಕ್ಸಿಕೊದಲ್ಲಿ ಅಧ್ಯಯನ ಮಾಡಿದವನೂ ಅದೇ ರೋಜರ್ ಹೈಮ್. ಅವನು ಬೆಳೆಸಿಕೊಟ್ಟದ್ದರಿಂದಲೇ 1958ರಲ್ಲಿ ಆಲ್ಬರ್ಟ್ ಹಾಫ್‌ಮನ್ ಸಿಲೊಸೈಬಿನ್ ಬೇರ್ಪಡಿಸಿದ. ನಮ್ಮ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿ ಸಿಲೊಸೈಬಿನ್ ಇದೆ, ಅಷ್ಟು ಹೇಳಿ ಮುಂದಕ್ಕೆ ಹೋಗುತ್ತೇನೆ.

ಫೋಟೊದ ಎರಡನೆಯದು ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಇರಬಹುದೆಂದು ನನ್ನ ಗುಮಾನಿ. 1818ರಲ್ಲಿ ದಕ್ಷಿಣ ಅಮೆರಿಕದ ಗಯಾನಾದಿಂದ ಮೊದಲು ವರದಿಯಾಗಿ, ಈಗ ಉಷ್ಣವಲಯದ ಹುಲ್ಲುನೆಲಗಳಲ್ಲೆಲ್ಲ ಕಾಣುವ ಈ ಅಣಬೆ ತಿಂದು ನರಳಿದವರಿಗೆ ಲೆಕ್ಕವಿಲ್ಲ. ಇದರ ಮೋಸ ಇರುವುದು ವಯಸ್ಸಿನಲ್ಲಿ. ಎಳೆಯದರ ಕೊಡೆಯಡಿಯ ಪದರಗಳು ಅಚ್ಚ ಬಿಳಿ, ಬಲಿತ ಮೇಲಷ್ಟೇ ಮಾಸಲು ಹಸಿರು. ಅದಕ್ಕೇ ಬೀಜಕಣದ ಅಚ್ಚು ತೆಗೆಯಬೇಕು. ಪೂರ್ತಿ ಅರಳಿದ ಕೊಡೆಯನ್ನು ಕಾಂಡದಿಂದ ಬಿಡಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಪದರ ಕೆಳಗಾಗುವಂತೆ ಇಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪದರಗಳ ಗೆರೆಗೆರೆಯೂ ಪುಡಿಯಲ್ಲಿ ಮೂಡಿರುತ್ತದೆ. ಹುತ್ತದ ಅಣಬೆಯದು ನಸುಗುಲಾಬಿ, ಕ್ಲೋರೋಫಿಲಮ್‌ನದು ಹಸಿರು, ಸಿಲೊಸೈಬಿಯದು ಕಪ್ಪುನೇರಳೆ. ಇದರ ಜೊತೆಗೆ ಬುಡ. ಅಣಬೆಯನ್ನು ಎಳೆದು ಕೀಳದೆ ಸುತ್ತ ಮಣ್ಣು ಬಿಡಿಸಿ ನೋಡಿ. ಹುತ್ತದ ಅಣಬೆಯ ಕಾಂಡ ಬೇರಿನ ಹಾಗೆ ಸಣ್ಣದಾಗುತ್ತ ಗೇಣು, ಮೊಳ ಕೆಳಗಿಳಿದು ಆ ಕಂದು ಮುದ್ದೆ ಮುಟ್ಟುತ್ತದೆ. ಕೊಡೆಯ ನೆತ್ತಿಯಲ್ಲಿ ಗಟ್ಟಿ ಮೊನೆಯೂ ಇರುತ್ತದೆ, ಮಣ್ಣು ಸೀಳಿ ಬರಲು. ಹುತ್ತದ ಪಕ್ಕದಲ್ಲಿದೆ ಎಂದಮಾತ್ರಕ್ಕೆ ಹುತ್ತದ ಅಣಬೆಯಲ್ಲ, ಬೇರು ಅಲ್ಲಿಗೆ ಮುಟ್ಟಬೇಕು. ಅಗೆಯುವ ಮೊದಲು ಕೋಲಿನಿಂದ ತಟ್ಟಿ, ಹುತ್ತದಲ್ಲಿ ಬಾಡಿಗೆಗಿರುವವರು ಬೇರೆಯವರೂ ಉಂಟು.

ಈ ಅಚ್ಚು, ಬೇರು ಎರಡೂ ನೋಡಿದ ಮೇಲೂ ಮೊದಲ ವರ್ಷ ತಿನ್ನಬೇಡಿ, ಬಲ್ಲವರಿಗೆ ತೋರಿಸಿ. ಅಕಸ್ಮಾತ್ ತಿಂದು ತೊಂದರೆಯಾದರೆ ಗಡಿಯಾರ ನೋಡಿಕೊಳ್ಳಿ. ಒಂದರಿಂದ ಮೂರು ಗಂಟೆಯೊಳಗೆ ಶುರುವಾಗುವ ವಾಂತಿ ಭೇದಿ ಸಾಮಾನ್ಯವಾಗಿ ಕ್ಲೋರೋಫಿಲಮ್ ಥರದ್ದು, ಹಿಂಡಿಹಾಕುತ್ತದೆ, ಕೊಲ್ಲುವುದು ಅಪರೂಪ. ಆರು ಗಂಟೆ ದಾಟಿದ ಮೇಲೆ ಶುರುವಾದರೆ ಅಮಟಾಕ್ಸಿನ್ ಇರಬಹುದು. ಅದನ್ನು ಹೊತ್ತ ಸಣ್ಣ ಲೆಪಿಯೋಟಾ ಜಾತಿಗಳು ಹುಲ್ಲಿನಲ್ಲೂ ಏಳುತ್ತವೆ. ಮಾರನೆಯ ದಿನ ವಾಂತಿ ನಿಂತು ರೋಗಿ ಎದ್ದು ಕೂರುತ್ತಾನೆ, ಮನೆಯವರು ನಿರಾಳವಾಗುತ್ತಾರೆ, ಅಷ್ಟರಲ್ಲಿ ಯಕೃತ್ತು ಹಾಳಾಗುತ್ತಿರುತ್ತದೆ. ಬೇಗ ಶುರುವಾಯಿತೆಂದು ಮನೆಯಲ್ಲೇ ಕೂರುವುದೂ ಬೇಡ, ಊಟದಲ್ಲಿ ಎರಡು ಜಾತಿ ಬೆರೆತಿರಬಹುದು. ಆಸ್ಪತ್ರೆಗೆ ಹೋಗುವಾಗ ಉಳಿದ ಅಣಬೆಯನ್ನು, ತಿಪ್ಪೆಗೆ ಎಸೆದ ಬುಡವನ್ನೂ ಸೇರಿಸಿ, ಕಾಗದದಲ್ಲಿ ಸುತ್ತಿಕೊಂಡು ಹೋಗಿ. ಪ್ಲಾಸ್ಟಿಕ್ ಕವರಿನಲ್ಲಿ ಅದು ಬೆವರಿ ಕೊಳೆತು ಗುರುತು ಸಿಗದಂತಾಗುತ್ತದೆ.