ರಷ್ಯಾದ ಪುರಾತನ ಬೆಳ್ಳಿ: ಮುದ್ರೆಯ ಸಾಚಾತನವನ್ನು ಅಳೆಯುವುದು ಹೇಗೆ?

ಬೆಳ್ಳಿಯ ಬೆಲೆಯನ್ನು ತೂಕ ಮತ್ತು ಶುದ್ಧತೆಗಳು ನಿರ್ಧರಿಸುತ್ತವೆ ಎಂಬುದು ನಮ್ಮ ಪೇಟೆಯಲ್ಲಿ ಸರ್ವವಿದಿತ. ಆದರೆ ಪುರಾತನ ಬೆಳ್ಳಿಯ ವ್ಯವಹಾರದಲ್ಲಿ ಈ ಲೆಕ್ಕವೊಂದೇ ಸಾಲದು. ಅಲ್ಲಿ ತಯಾರಕನ ಹೆಸರು, ತಯಾರಾದ ಊರು ಮತ್ತು ಕಾಲಗಳಿಗೆ ಲೋಹಕ್ಕಿಂತ ಹೆಚ್ಚಿನ ಬೆಲೆ ಇರುತ್ತದೆ. ಒಂದೇ ತೂಕದ, ಒಂದೇ ಗುಣಮಟ್ಟದ ಎರಡು ಬೆಳ್ಳಿಯ ಡಬ್ಬಿಗಳಲ್ಲಿ ಒಂದರ ತಳದಲ್ಲಿ ‘ಫಾಬರ್ಜೆ’ ಎಂಬ ಹೆಸರಿದ್ದರೆ ಸಾಕು, ಅದರ ಬೆಲೆ ಹಲವು ಪಟ್ಟು ಏರುತ್ತದೆ. ಆ ಹೆಸರಾದರೋ ಕೆಲವೇ ಮಿಲಿಮೀಟರ್ ಅಳತೆಯ ಒಂದು ಗುರುತು. ಇಷ್ಟು ಚಿಕ್ಕ ಗುರುತಿಗೆ ಇಷ್ಟು ದೊಡ್ಡ ಬೆಲೆ ದೊರೆಯುವಾಗ, ಅದನ್ನು ನಕಲು ಮಾಡುವವರು ಹುಟ್ಟಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಇಂತಹ ನಕಲಿ ವಸ್ತುಗಳಿಗೆ ಪಾಶ್ಚಾತ್ಯ ಪೇಟೆಗಳಲ್ಲಿ ‘ಫೋಬರ್ಜೆ’ ಎಂಬ ಅಣಕದ ಹೆಸರೇ ರೂಢಿಗೆ ಬಂದಿದೆ. 2021ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಪ್ರಸಿದ್ಧ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟಿದ್ದ ಕೆಲವು ಫಾಬರ್ಜೆ ವಸ್ತುಗಳ ಸಾಚಾತನವನ್ನೇ ಲಂಡನ್ನಿನ ವರ್ತಕರೊಬ್ಬರು ಬಹಿರಂಗವಾಗಿ ಪ್ರಶ್ನಿಸಿದ್ದುಂಟು.

ಹಾಗಾದರೆ ವರ್ತಕನು ಮುದ್ರೆಯನ್ನು ನಂಬುವುದೆಂತು? ಯಾವ ಮುದ್ರೆಯೂ ಒಂಟಿಯಾಗಿ ಪುರಾವೆಯಲ್ಲ. ಅದು ಒಂದು ಸಾಕ್ಷಿ ಮಾತ್ರ. ಹಲವು ಸಾಕ್ಷಿಗಳ ಹೇಳಿಕೆಗಳು ಒಂದಕ್ಕೊಂದು ತಾಳೆಯಾದರೆ ಮಾತ್ರ ವಸ್ತು ನಂಬಿಕೆಗೆ ಅರ್ಹವಾಗುತ್ತದೆ.

ಅಂಕಿಯ ಅರ್ಥ

ರಷ್ಯಾದಲ್ಲಿ ಬೆಳ್ಳಿಗೆ ಕಡ್ಡಾಯ ಮುದ್ರೆಯ ಪದ್ಧತಿಯನ್ನು 1700ರಲ್ಲಿ ಪೀಟರ್ ದೊರೆಯು ಜಾರಿಗೆ ತಂದನು. ಶುದ್ಧತೆಯನ್ನು ‘ಜೊಲೋತ್ನಿಕ್’ ಎಂಬ ಮಾನದಲ್ಲಿ ಹೇಳುತ್ತಿದ್ದರು. ಒಂದು ರಷ್ಯನ್ ಪೌಂಡಿಗೆ 96 ಜೊಲೋತ್ನಿಕ್. ಆದ್ದರಿಂದ ಅಪ್ಪಟ ಬೆಳ್ಳಿ ಎಂದರೆ 96. ಬಹುಪಾಲು ವಸ್ತುಗಳ ಮೇಲೆ ಕಾಣುವ 84 ಎಂಬ ಅಂಕಿಗೆ ಸಾವಿರದಲ್ಲಿ 875 ಭಾಗ ಬೆಳ್ಳಿ ಎಂದರ್ಥ. 88 ಎಂದರೆ ಸುಮಾರು 916, 91 ಎಂದರೆ ಸುಮಾರು 947. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ 925ರ ಸ್ಟರ್ಲಿಂಗ್ ಬೆಳ್ಳಿ ಈ ಯಾವ ಅಂಕಿಗೂ ಹೊಂದುವುದಿಲ್ಲವೆಂಬುದನ್ನು ಗಮನಿಸಬೇಕು. ಇದು ಮುಂದೆ ಉಪಯೋಗಕ್ಕೆ ಬರುತ್ತದೆ.

ಕಾಲಕ್ಕೆ ತಕ್ಕ ಮುದ್ರೆ

19ನೇ ಶತಮಾನದ ವಸ್ತುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಗುರುತುಗಳಿರುತ್ತವೆ: ನಗರದ ಲಾಂಛನ, ಪರೀಕ್ಷಾಧಿಕಾರಿಯ ಹೆಸರಿನ ಮೊದಲಕ್ಷರಗಳೊಡನೆ ಇಸವಿ, ಶುದ್ಧತೆಯ ಅಂಕಿ ಮತ್ತು ತಯಾರಕನ ಗುರುತು. ಅಡ್ಡಲಾಗಿ ಕೂಡಿದ ಎರಡು ಲಂಗರುಗಳು ಮತ್ತು ರಾಜದಂಡ ಇದ್ದರೆ ಸೇಂಟ್ ಪೀಟರ್ಸ್‌ಬರ್ಗ್. ಕುದುರೆಯೇರಿ ಘಟಸರ್ಪವನ್ನು ಇರಿಯುತ್ತಿರುವ ಸಂತ ಜಾರ್ಜ್ ಇದ್ದರೆ ಮಾಸ್ಕೋ.

1899ರಿಂದ ಇವುಗಳ ಬದಲಿಗೆ ಇಡೀ ದೇಶಕ್ಕೆ ಒಂದೇ ಚಿತ್ರ ಬಂದಿತು. ಅದು ‘ಕೊಕೋಶ್ನಿಕ್’ ಎಂಬ ಸಾಂಪ್ರದಾಯಿಕ ಶಿರೋಭೂಷಣ ಧರಿಸಿದ ಸ್ತ್ರೀಯ ಪಾರ್ಶ್ವಮುಖ. 1908ರವರೆಗೆ ಈ ಮುಖ ಎಡಕ್ಕೆ ತಿರುಗಿದ್ದು, ಜೊತೆಯಲ್ಲಿ ಆಯಾ ಪ್ರಾಂತ್ಯದ ಅಧಿಕಾರಿಯ ಹೆಸರಿನ ಮೊದಲಕ್ಷರಗಳಿದ್ದವು. ಪೀಟರ್ಸ್‌ಬರ್ಗ್‌ನಲ್ಲಿ ಮೊದಲಿಗೆ ಯಾಕೋವ್ ಲ್ಯಾಪುನೋವ್, ಮಾಸ್ಕೋದಲ್ಲಿ ಇವಾನ್ ಲೆಬ್ಯೋದ್ಕಿನ್ ಆ ಅಧಿಕಾರಿಗಳು. 1908ರಿಂದ ಮುಖ ಬಲಕ್ಕೆ ತಿರುಗಿತು. ಅಧಿಕಾರಿಯ ಅಕ್ಷರಗಳ ಬದಲು ಗ್ರೀಕ್ ಅಕ್ಷರ ಬಂದಿತು. ಪೀಟರ್ಸ್‌ಬರ್ಗ್‌ಗೆ ಆಲ್ಫಾ, ಮಾಸ್ಕೋಗೆ ಡೆಲ್ಟಾ.

ಕ್ರಾಂತಿಯ ನಂತರ, 1927ರಲ್ಲಿ ಮೆಟ್ರಿಕ್ ಮಾನದೊಂದಿಗೆ ಸುತ್ತಿಗೆ ಹಿಡಿದ ಕಾರ್ಮಿಕನ ತಲೆಯೂ, 1958ರಲ್ಲಿ ಕತ್ತಿ ಸುತ್ತಿಗೆಗಳ ನಕ್ಷತ್ರವೂ ಬಂದವು. 1994ರಲ್ಲಿ ರಷ್ಯಾ ಮತ್ತೆ ಬಲಕ್ಕೆ ನೋಡುವ ಕೊಕೋಶ್ನಿಕ್ ಮುಖವನ್ನೇ ತನ್ನ ಮುದ್ರೆಯಾಗಿ ಸ್ವೀಕರಿಸಿತು. ಹೊಸಬರು ಎಡವುವುದು ಇಲ್ಲಿಯೇ. ಸ್ತ್ರೀಮುಖವನ್ನು ಕಂಡೊಡನೆ ಜಾರ್ ದೊರೆಗಳ ಕಾಲದ್ದೆಂದು ಭಾವಿಸಬಾರದು. ಮುಖದ ಪಕ್ಕದಲ್ಲಿ 84 ಅಥವಾ 88ರ ಬದಲು 875, 916 ಅಥವಾ 925 ಎಂದಿದ್ದರೆ ಅದು 1994ರ ಈಚಿನ ಮಾಲು. ಮಾರುವವನ ಬಾಯಲ್ಲಿ ಎಂತಹ ರಾಜವಂಶದ ಕಥೆಯಿದ್ದರೂ ಈ ಅಂಕಿ ಅದನ್ನು ಅಲ್ಲಗಳೆಯುತ್ತದೆ.

ಗುರುತುಗಳನ್ನು ತಾಳೆ ನೋಡುವುದು

ಪ್ರತಿಯೊಂದು ಗುರುತನ್ನೂ ಪ್ರತ್ಯೇಕವಾಗಿ ನೋಡಿದರೆ ಸರಿಯಾಗಿಯೇ ಕಾಣಬಹುದು. ಒಟ್ಟಿಗೆ ಓದಿದಾಗ ಸುಳ್ಳು ಹೊರಬೀಳುತ್ತದೆ. ಫಾಬರ್ಜೆ ಸಂಸ್ಥೆಯನ್ನೇ ತೆಗೆದುಕೊಳ್ಳೋಣ. ಪೀಟರ್ಸ್‌ಬರ್ಗ್‌ನ ವಸ್ತುಗಳಲ್ಲಿ ಸಂಸ್ಥೆಯ ಹೆಸರಿನೊಂದಿಗೆ ಅದನ್ನು ತಯಾರಿಸಿದ ಮುಖ್ಯ ಕುಶಲಕರ್ಮಿಯ ಮೊದಲಕ್ಷರಗಳೂ ಇರುವುದು ವಾಡಿಕೆ. 1887ರಲ್ಲಿ ಆರಂಭವಾದ ಮಾಸ್ಕೋ ಶಾಖೆಯ ಬೆಳ್ಳಿ ಸಾಮಾನುಗಳ ಮೇಲಾದರೋ ಸಾಮಾನ್ಯವಾಗಿ ‘ಕೆ. ಫಾಬರ್ಜೆ’ ಎಂಬ ಹೆಸರು ಮತ್ತು ಅರಮನೆಯ ಮನ್ನಣೆಯನ್ನು ಸೂಚಿಸುವ ಎರಡು ತಲೆಯ ಹದ್ದು ಇರುತ್ತವೆ.

ಪೀಟರ್ಸ್‌ಬರ್ಗ್‌ನ ಪ್ರಧಾನ ಕುಶಲಕರ್ಮಿ ಮಿಖಾಯಿಲ್ ಪೆರ್ಖಿನ್ 1903ರಲ್ಲಿ ನಿಧನರಾದರು. ಅವರ ಸ್ಥಾನಕ್ಕೆ ಹೆನ್ರಿಕ್ ವಿಗ್‌ಸ್ಟ್ರೋಮ್ ಬಂದರು. ಈಗ ಒಂದು ಡಬ್ಬಿಯ ಮೇಲೆ ಪೆರ್ಖಿನ್‌ರ ಅಕ್ಷರಗಳೂ ಬಲಕ್ಕೆ ತಿರುಗಿದ ಸ್ತ್ರೀಮುಖವೂ ಒಟ್ಟಿಗೆ ಇದ್ದರೆ ಏನರ್ಥ? 1903ರಲ್ಲಿ ತೀರಿಕೊಂಡ ವ್ಯಕ್ತಿ 1908ರ ನಂತರ ಮುದ್ರೆ ಪಡೆಯುವ ವಸ್ತುವನ್ನು ತಯಾರಿಸುವುದು ಅಸಂಭವ. ಅದರ ಮೇಲೆ ಮಾಸ್ಕೋ ಶೈಲಿಯ ಹದ್ದನ್ನೂ ಒತ್ತಿದ್ದರೆ, ಗುರುತುಗಳು ಹೆಚ್ಚಿದಷ್ಟೂ ಬೆಲೆ ಹೆಚ್ಚುತ್ತದೆಂದು ನಕಲಿಗಾರನು ಲೆಕ್ಕ ಹಾಕಿದ್ದಾನೆಂದು ತಿಳಿಯಬೇಕು.

ಅಕ್ಷರಗಳ ಬಗೆಗೂ ಗಮನವಿರಲಿ. 1918ರ ಲಿಪಿ ಸುಧಾರಣೆಗೆ ಮುನ್ನ, ವ್ಯಂಜನದಲ್ಲಿ ಕೊನೆಗೊಳ್ಳುವ ರಷ್ಯನ್ ಪದಗಳ ಅಂತ್ಯದಲ್ಲಿ ‘ಕಠಿಣ ಚಿಹ್ನೆ’ ಎಂಬ ಹೆಚ್ಚಿನ ಅಕ್ಷರವನ್ನು ಬರೆಯುತ್ತಿದ್ದರು. ಓವ್ಚಿನ್ನಿಕೋವ್, ಸಾಜಿಕೋವ್ ಮೊದಲಾದ ಹೆಸರುಗಳು ಪೂರ್ಣವಾಗಿದ್ದು, ಈ ಅಕ್ಷರ ಕಾಣದಿದ್ದರೆ ಸಂಶಯಕ್ಕೆ ಎಡೆಯುಂಟು.

ಒತ್ತಿದ್ದೋ, ಎರಕ ಹೊಯ್ದದ್ದೋ?

ಇನ್ನು ಭೂತಗನ್ನಡಿಯ ಕೆಲಸ. ನಿಜವಾದ ಮುದ್ರೆಯನ್ನು ಉಕ್ಕಿನ ಅಚ್ಚಿನಿಂದ ಹೊಡೆದಿರುತ್ತಾರೆ. ಅಂಚುಗಳು ಚೂಪಾಗಿರುತ್ತವೆ, ಸುತ್ತಲಿನ ಲೋಹ ತುಸು ಸರಿದಿರುತ್ತದೆ, ತಗಡು ತೆಳುವಾಗಿದ್ದರೆ ಹಿಂಬದಿಯಲ್ಲಿ ಉಬ್ಬು ಕಾಣುತ್ತದೆ. ಸಾಚಾ ವಸ್ತುವಿನಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿನಲ್ಲಿ ಮುದ್ರೆಯೂ ಎರಕದೊಂದಿಗೇ ಮೂಡಿರುವುದರಿಂದ ಅಂಚುಗಳು ಮೊಂಡಾಗಿರುತ್ತವೆ. ಗುಳಿಯ ತಳದಲ್ಲಿ ಮರಳಿನಂತಹ ತರಿಯೂ ಸಣ್ಣ ರಂಧ್ರಗಳೂ ಇರುತ್ತವೆ. ಒಂದೇ ಬಗೆಯ ಆರು ಲೋಟಗಳಲ್ಲಿ ಮುದ್ರೆಯ ಸ್ಥಾನ, ಓರೆ, ಆಳ ಎಲ್ಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿದ್ದರೆ ಎಚ್ಚರ ವಹಿಸಬೇಕು. ಕೈಯಿಂದ ಹೊಡೆದ ಮುದ್ರೆ ಹಾಗೆ ಬೀಳುವುದಿಲ್ಲ.

ಸವೆತವನ್ನೂ ಹೋಲಿಸಿ ನೋಡಬೇಕು. ಕೆತ್ತನೆಯೆಲ್ಲ ಸವೆದು, ಅದರ ಪಕ್ಕದ ಮುದ್ರೆ ಮಾತ್ರ ನಿನ್ನೆ ಹೊಡೆದಂತಿದ್ದರೆ ಆ ಎರಡರ ವಯಸ್ಸು ಒಂದೇ ಅಲ್ಲ.

ಸಾಚಾ ವಸ್ತು, ಸುಳ್ಳು ಹೆಸರು

ಅತ್ಯಂತ ಅಪಾಯಕಾರಿಯಾದ ನಕಲು ಪೂರ್ತಿ ನಕಲಲ್ಲ. ವಸ್ತು ಹಳೆಯದು, ಬೆಳ್ಳಿ ಸರಿಯಾದದ್ದು, ಸರ್ಕಾರದ ಮುದ್ರೆಯೂ ನಿಜ. ಅಷ್ಟೇನೂ ಹೆಸರಿಲ್ಲದ ತಯಾರಕನ ಗುರುತನ್ನು ಅರದಿಂದ ಉಜ್ಜಿ ತೆಗೆದು ಪ್ರಸಿದ್ಧ ಹೆಸರನ್ನು ಒತ್ತಿರುತ್ತಾರೆ. ಉಜ್ಜಿದ ಜಾಗದಲ್ಲಿ ತಗಡು ತೆಳುವಾಗಿ ಬೆರಳಿಗೆ ತಗ್ಗು ತಾಗುತ್ತದೆ. ಬೇರೆ ವಸ್ತುವಿನಿಂದ ಮುದ್ರೆಯ ತುಂಡನ್ನೇ ಕತ್ತರಿಸಿ ಬೆಸೆದಿದ್ದರೆ, ಮೇಲ್ಮೈಗೆ ಬಾಯಿಂದ ಹಬೆ ಊದಿದಾಗ ಬೆಸುಗೆಯ ಗೆರೆ ಕಾಣಿಸಿಕೊಳ್ಳುವುದುಂಟು. ಮುಚ್ಚಳ, ತಳ ಮೊದಲಾದ ಬಿಡಿಭಾಗಗಳ ಮೇಲಿನ ಗುರುತುಗಳನ್ನೂ ಹೋಲಿಸಿ ನೋಡತಕ್ಕದ್ದು.

ಬೆಳ್ಳಿಯೇ ಅಲ್ಲದ ಸಾಮಾನು ಬೆಳ್ಳಿಯೆಂದು ಸಾಗುವುದೂ ಇದೆ. ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ವಾರ್ಸಾದಲ್ಲಿ ಫ್ರಾಜೆ ಮುಂತಾದ ಕಾರ್ಖಾನೆಗಳು ಬೆಳ್ಳಿಯ ಲೇಪದ ಸಾಮಾನು ತಯಾರಿಸುತ್ತಿದ್ದವು. ಅವುಗಳ ಮೇಲೆ ರಷ್ಯನ್ ಅಕ್ಷರಗಳೂ ಹದ್ದಿನ ಚಿತ್ರಗಳೂ ಇರುತ್ತವೆ. 84 ಎಂಬ ಅಂಕಿ ಮಾತ್ರ ಇರುವುದಿಲ್ಲ.

ಯಂತ್ರದ ನೆರವು

ಚಿನ್ನ ಬೆಳ್ಳಿಯ ಪೇಟೆಗಳಲ್ಲಿ ಈಗ ಸುಪರಿಚಿತವಾಗಿರುವ ಎಕ್ಸ್-ರೇ ಪರೀಕ್ಷಾ ಯಂತ್ರ ವಸ್ತುವಿಗೆ ಹಾನಿಯಿಲ್ಲದೆ ಲೋಹದ ಪ್ರಮಾಣವನ್ನು ತಿಳಿಸುತ್ತದೆ. 84 ಎಂದು ಮುದ್ರೆಯಿರುವ ವಸ್ತುವಿನಲ್ಲಿ ಕರಾರುವಾಕ್ಕಾಗಿ ಸಾವಿರಕ್ಕೆ 925 ಭಾಗ ಬೆಳ್ಳಿ ಕಂಡುಬಂದರೆ, ಇಂದಿನ ಸ್ಟರ್ಲಿಂಗ್ ತಗಡಿನಿಂದ ಮಾಡಿರುವ ಸಾಧ್ಯತೆಯನ್ನು ಯೋಚಿಸಬೇಕು. ಲೇಪ ಅಥವಾ ಹೊರಪದರದಿಂದ ಫಲಿತಾಂಶ ಏರುಪೇರಾಗುವುದರಿಂದ ನಾಲ್ಕಾರು ಕಡೆ ಅಳೆಯುವುದು ಲೇಸು. ಯಂತ್ರ ಲೋಹವನ್ನು ಹೇಳಬಲ್ಲದೇ ಹೊರತು ತಯಾರಕನನ್ನಲ್ಲ. ಹಳೆಯ ಬೆಳ್ಳಿಯ ಮೇಲೆ ಒತ್ತಿದ ಹೊಸ ಹೆಸರು ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾರಾಗುತ್ತದೆ.

ಕೊಳ್ಳುವ ಮುನ್ನ

ನಮ್ಮಲ್ಲಿ ಬಿ.ಐ.ಎಸ್. ಹಾಲ್‌ಮಾರ್ಕ್ ಚಿನ್ನಕ್ಕೆ 2000ದಲ್ಲಿ, ಬೆಳ್ಳಿಗೆ 2005ರಲ್ಲಿ ಬಂದಿತು. ಇಂದು ಹಾಲ್‌ಮಾರ್ಕ್ ಪಡೆದ ಚಿನ್ನದ ಒಡವೆಗೆ ಆರು ಅಕ್ಷರಾಂಕಗಳ ಪ್ರತ್ಯೇಕ ಗುರುತು ಸಂಖ್ಯೆಯಿದ್ದು, ಅದನ್ನು ದಾಖಲೆಯೊಡನೆ ತಾಳೆ ನೋಡಬಹುದು. ನೂರು ವರ್ಷ ಹಳೆಯ ರಷ್ಯನ್ ಬೆಳ್ಳಿಗೆ ಅಂತಹ ಸೌಕರ್ಯವಿಲ್ಲ. ವಸ್ತುವಿನ ಮೇಲಿರುವ ಗುರುತುಗಳನ್ನೇ ಪರಸ್ಪರ ತಾಳೆ ನೋಡಬೇಕಾಗುತ್ತದೆ.

ಆದುದರಿಂದ ಇಂತಹ ವಸ್ತು ಕೈಗೆ ಬಂದಾಗ ವರ್ತಕ ಬಾಂಧವರು ಮೊದಲು ಅಂಕಿಯನ್ನು, ಅನಂತರ ಮುಖದ ದಿಕ್ಕನ್ನು, ಆಮೇಲೆ ಅಕ್ಷರಗಳನ್ನು, ಎಲ್ಲಕ್ಕೂ ಕೊನೆಯಲ್ಲಿ ಪ್ರಸಿದ್ಧ ಹೆಸರನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳುವುದು ಒಳ್ಳೆಯದು. ತಯಾರಕನ ಹೆಸರು, ಕಾಲ ಮತ್ತು ಶುದ್ಧತೆಗಳನ್ನು ಮಾರುವವನಿಂದ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಹಾಗೆ ಬರೆದುಕೊಡಲು ಅವನು ಹಿಂಜರಿದರೆ ಬೆಳ್ಳಿಯ ತೂಕಕ್ಕೆ ಮಾತ್ರ ಬೆಲೆ ಕಟ್ಟಿ, ಹೆಸರಿಗೆ ಒಂದು ರೂಪಾಯಿಯನ್ನೂ ಸೇರಿಸದಿರುವುದು ಕ್ಷೇಮ.