ಇಪ್ಪತ್ತು ಸೀಸನ್, ಕಂಕಶನ್ ಸೊನ್ನೆ

ಹುಬ್ಬಳ್ಳಿಯ ಓದುಗರೊಬ್ಬರು ಕೇಳಿದ್ದಾರೆ: ಟೆಕ್ಸಸ್‌ನಲ್ಲಿರುವ ಮೊಮ್ಮಗ ಹೈಸ್ಕೂಲಿನ ಫುಟ್‌ಬಾಲ್ ತಂಡ ಸೇರುತ್ತೇನೆಂದು ಹಟ ಹಿಡಿದಿದ್ದಾನೆ. ಸೊಸೆ ಬೇಡವೇ ಬೇಡ ಅನ್ನುತ್ತಾಳೆ. ಮಗ ‘ಹೆಲ್ಮೆಟ್ ಇರುತ್ತಲ್ಲ, ಏನಾಗುತ್ತೆ’ ಅನ್ನುತ್ತಾನೆ. ಯಾರ ಮಾತು ಸರಿ? ಮನೆಯೊಳಗಿನ ವ್ಯಾಜ್ಯಕ್ಕೆ ನಾನು ಪಂಚಾಯ್ತಿ ಮಾಡಲಾರೆ. ಆದರೆ ‘ಹೆಲ್ಮೆಟ್ ಇರುತ್ತಲ್ಲ’ ಅನ್ನುವ ಮಾತನ್ನು ಸುಮ್ಮನೆ ಬಿಡುವಂತಿಲ್ಲ. ಅದಕ್ಕೆ ಉತ್ತರ ಬೇಕಿದ್ದರೆ ಜೂನಿಯರ್ ಸೇಯಾವ್ ಎಂಬ ಲೈನ್‌ಬ್ಯಾಕರ್‌ನ ವೃತ್ತಿಜೀವನವನ್ನು ನೋಡಬೇಕು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಲೈನ್‌ಬ್ಯಾಕರ್ ಅಂದರೆ ರಕ್ಷಣೆಯ ಎರಡನೇ ಸಾಲಿನವನು. ಮುಂದಿನ ಸಾಲಿನ ದಢೂತಿಗಳು ಎದೆಗೆ ಎದೆ ಕೊಟ್ಟು ತಳ್ಳಾಡುತ್ತಿರುವಾಗ ಇವನು ನಾಲ್ಕಾರು ಹೆಜ್ಜೆ ಹಿಂದೆ ಮೊಣಕಾಲು ಬಗ್ಗಿಸಿ ನಿಂತಿರುತ್ತಾನೆ. ಚೆಂಡು ಎತ್ತ ಹೋದೀತೆಂದು ಅರೆಕ್ಷಣದಲ್ಲಿ ಊಹಿಸಿ, ಸಿಕ್ಕ ಸಂದಿಯಲ್ಲಿ ನುಗ್ಗಿ, ಚೆಂಡು ಹಿಡಿದು ಓಡುವವನನ್ನು ನೆಲಕ್ಕೆ ಕೆಡವುವುದು ಇವನ ಕೆಲಸ. ಮುಂದಿನ ಸಾಲಿನವರಿಗೆ ಓಡಿ ಬರಲು ಜಾಗ ಇರುವುದಿಲ್ಲ. ಇವನಿಗೆ ಇರುತ್ತದೆ. ಹಾಗಾಗಿ ಢಿಕ್ಕಿಯಾಗುವ ಹೊತ್ತಿಗೆ ಒಳ್ಳೆಯ ವೇಗವೂ ಬಂದಿರುತ್ತದೆ, ಎದುರಿನವನೂ ಓಡುತ್ತಲೇ ಬರುತ್ತಿರುತ್ತಾನೆ. ಸೇಯಾವ್‌ನ ತೂಕ ಸುಮಾರು 113 ಕೆ.ಜಿ. ಇತ್ತು.

ಸಮೋವಾ ಮೂಲದ ತಂದೆತಾಯಿಗೆ ಹುಟ್ಟಿ, ಕ್ಯಾಲಿಫೋರ್ನಿಯಾದ ಓಷನ್‌ಸೈಡ್‌ನಲ್ಲಿ ಬೆಳೆದ ಹುಡುಗ. 1990ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಹೊಸಬರನ್ನು ಆರಿಸುವಾಗ ಐದನೆಯವನಾಗಿ ಸ್ಯಾನ್ ಡಿಯಾಗೊ ಚಾರ್ಜರ್ಸ್ ಪಾಲಿಗೆ ಬಂದ. ಅಲ್ಲಿ 13 ಸೀಸನ್, ಮಯಾಮಿಯಲ್ಲಿ ಮೂರು, ನ್ಯೂ ಇಂಗ್ಲಂಡ್ ಪೇಟ್ರಿಯಟ್ಸ್‌ನಲ್ಲಿ ನಾಲ್ಕು. ಲೀಗ್‌ನ ಆಯ್ದ ಆಟಗಾರರ ಪಂದ್ಯವಾದ ಪ್ರೊ ಬೌಲ್‌ಗೆ ಸತತ 12 ಬಾರಿ ಆಯ್ಕೆಯಾದ. 2006ರ ಆಗಸ್ಟ್‌ನಲ್ಲಿ ನಿವೃತ್ತಿ ಘೋಷಿಸಿ, ವಾರ ಕಳೆಯುವ ಮೊದಲೇ ಪೇಟ್ರಿಯಟ್ಸ್ ಜೊತೆ ಸಹಿ ಹಾಕಿದ. ಆ ಸೀಸನ್‌ನಲ್ಲೇ ತೋಳು ಮುರಿಯಿತು, ಮರುವರ್ಷ ಮತ್ತೆ ಆಡಿದ. ತೋಳಿನದೋ ಮೊಣಕಾಲಿನದೋ ಗಾಯವಾದರೆ ಎಲ್ಲರಿಗೂ ಕಾಣುತ್ತದೆ, ತಂಡಗಳು ವಾರವಾರ ಹೊರಡಿಸುವ ಗಾಯಾಳುಗಳ ಪಟ್ಟಿಯಲ್ಲೂ ಬರುತ್ತದೆ. ಆದರೆ ಇಪ್ಪತ್ತು ಸೀಸನ್‌ಗಳಲ್ಲಿ ಒಮ್ಮೆಯೂ ಆ ಪಟ್ಟಿಯಲ್ಲಿ ಸೇಯಾವ್ ಹೆಸರಿನ ಮುಂದೆ ಕಂಕಶನ್, ಅಂದರೆ ತಲೆಗೆ ಪೆಟ್ಟಾಗಿ ಮೆದುಳು ತತ್ತರಿಸುವ ಗಾಯ, ಎಂದು ಬರಲಿಲ್ಲ.

2012ರ ಮೇ 2ರಂದು, 43ನೇ ವಯಸ್ಸಿನಲ್ಲಿ, ಆತ ತನ್ನ ಜೀವ ತಾನೇ ತೆಗೆದುಕೊಂಡ. ಕುಟುಂಬದವರು ಮೆದುಳನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಕೊಟ್ಟರು. ಅಲ್ಲಿ ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಸೇಯಾವ್‌ನ ಮೆದುಳಿನ ತುಣುಕುಗಳ ಜೊತೆ ಬೇರೆಯವರ ಮೆದುಳಿನ ತುಣುಕುಗಳನ್ನೂ ಇಟ್ಟು, ಯಾವುದು ಯಾರದೆಂದು ಹೇಳದೆ, ಹೊರಗಿನ ತಜ್ಞರ ಕೈಗೆ ಕೊಟ್ಟರು. ಹೆಸರಿನ ಪ್ರಭಾವ ತೀರ್ಪಿನ ಮೇಲೆ ಬೀಳಬಾರದೆಂಬ ಎಚ್ಚರ ಅದು. 2013ರ ಜನವರಿಯಲ್ಲಿ ಫಲಿತಾಂಶ ಬಂತು: ಕ್ರಾನಿಕ್ ಟ್ರಾಮ್ಯಾಟಿಕ್ ಎನ್‌ಸೆಫಲೋಪತಿ, ಚಿಕ್ಕದಾಗಿ ಸಿಟಿಇ.

ಸೂಕ್ಷ್ಮದರ್ಶಕದಲ್ಲಿ ಅವರು ಕಂಡದ್ದು ಟೌ ಎಂಬ ಪ್ರೋಟೀನಿನ ಗಂಟುಗಳು. ಈ ಟೌ ನಮ್ಮೆಲ್ಲರ ನರಕೋಶಗಳಲ್ಲೂ ಇದೆ. ನರತಂತುವಿನ ಉದ್ದಕ್ಕೂ ಸಾಗುವ ಸೂಕ್ಷ್ಮ ನಳಿಕೆಗಳನ್ನು ಬಿಗಿಯಾಗಿ ಹಿಡಿದಿಡುವುದು ಅದರ ಕೆಲಸ. ತಂತು ಜಗ್ಗಿದಾಗ ಅದು ಕಳಚಿಕೊಳ್ಳುತ್ತದೆ, ಅದಕ್ಕೆ ಅತಿಯಾಗಿ ಫಾಸ್ಫೇಟ್ ಅಂಟಿಕೊಂಡು ಗಂಟುಗಟ್ಟುತ್ತದೆ. ಆಲ್‌ಝೈಮರ್ ಕಾಯಿಲೆಯಲ್ಲೂ ಟೌ ಗಂಟುಗಳಿರುತ್ತವೆ. ಆದರೆ ಸಿಟಿಇಯ ಗಂಟುಗಳಿಗೆ ಒಂದು ವಿಚಿತ್ರ ವಿಳಾಸವಿದೆ: ಮೆದುಳಿನ ಮಡಿಕೆಗಳ ತಳದಲ್ಲಿ, ಅದೂ ಸಣ್ಣ ರಕ್ತನಾಳಗಳ ಸುತ್ತ. ಬಣ್ಣ ಹಾಕಿದ ಗಾಜಿನ ಪಟ್ಟಿಯಲ್ಲಿ ಕಂದು ಕಲೆಗಳು ಆ ಕಣಿವೆಗಳಲ್ಲೇ ಗುಂಪುಗೂಡಿರುತ್ತವೆ. ಅಲ್ಲೇ ಏಕೆ?

ಇದಕ್ಕೆ ಉತ್ತರದ ಮೊದಲ ಎಳೆ ಸಿಕ್ಕಿದ್ದು ಫುಟ್‌ಬಾಲ್ ಮೈದಾನದಲ್ಲಲ್ಲ, ಎರಡನೇ ಮಹಾಯುದ್ಧದ ಕಾಲದ ಆಕ್ಸ್‌ಫರ್ಡ್‌ನಲ್ಲಿ. 1935ರಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದೇ ಖ್ಯಾತನಾದ ಟಿ.ಇ. ಲಾರೆನ್ಸ್ ಮೋಟರ್‌ಸೈಕಲ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಆರು ದಿನ ನರಳಿ ಸತ್ತ. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬರು ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರವೈದ್ಯರು. ಮುಂದೆ ಯುದ್ಧದ ದಿನಗಳಲ್ಲಿ ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ, ಹೆಲ್ಮೆಟ್ ಜೀವ ಉಳಿಸುತ್ತದೆಂದು 1941ರಲ್ಲಿ ಬರೆದವರೂ ಅವರೇ. ನಮ್ಮೂರ ಟ್ರಾಫಿಕ್ ಪೊಲೀಸರು ಹೆಲ್ಮೆಟ್ ಇಲ್ಲದವರಿಗೆ ದಂಡ ಹಾಕುವುದರ ಹಿಂದಿನ ವಿಜ್ಞಾನ ಅಲ್ಲಿಂದಲೇ ಶುರು. ಕೇರ್ನ್ಸ್ ಜೊತೆ ಕೆಲಸ ಮಾಡುತ್ತಿದ್ದ ಹೋಲ್‌ಬರ್ನ್ ಎಂಬ ಭೌತವಿಜ್ಞಾನಿ ಇನ್ನೂ ಬುಡಕ್ಕೆ ಹೋಗಿ ಕೇಳಿದರು: ಬುರುಡೆ ಒಡೆಯದಿದ್ದರೂ ಮೆದುಳಿಗೆ ಪೆಟ್ಟಾಗುವುದು ಹೇಗೆ?

ಗಿಣ್ಣು ಮಾಡಿ ಗೊತ್ತಿರುವವರಿಗೆ ಹೋಲ್‌ಬರ್ನ್ ವಾದ ತಟ್ಟನೆ ಅರ್ಥವಾಗುತ್ತದೆ. ಹಸು ಈದ ಹೊಸದರ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ದುಂಡನೆಯ ಡಬ್ಬಿಯಲ್ಲಿ ಹಬೆಗಿಟ್ಟಿದ್ದೀರಿ ಅನ್ನಿ. ಗಿಣ್ಣು ಗಟ್ಟಿಯಾಗಿದೆ, ಡಬ್ಬಿಯ ಕಂಠದವರೆಗೆ ತುಂಬಿದೆ, ಮುಚ್ಚಳ ಬಿಗಿದಿದೆ. ಈಗ ಡಬ್ಬಿಯನ್ನು ಕಟ್ಟೆಯ ಮೇಲೆ ನೇರವಾಗಿ ತಳ್ಳಿ ಗೋಡೆಗೆ ತಾಗಿಸಿ. ಮುಚ್ಚಳ ತೆಗೆದರೆ ಗಿಣ್ಣು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಅದು ಹೆಚ್ಚಿನಂಶ ನೀರೇ. ನೀರನ್ನು ಹಿಂಡಿ ಕುಗ್ಗಿಸಲಾಗುವುದಿಲ್ಲ, ಒಳಗೆ ಸರಿದಾಡಲು ಖಾಲಿ ಜಾಗವೂ ಇಲ್ಲ. ಇನ್ನು ಅದೇ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ರಪ್ಪನೆ ತಿರುಗಿಸಿ, ರಪ್ಪನೆ ನಿಲ್ಲಿಸಿ. ಅಂಚಿನ ಗಿಣ್ಣು ಡಬ್ಬಿಯ ಜೊತೆ ತಿರುಗುತ್ತದೆ, ನಡುವಿನದು ಹಿಂದೆ ಉಳಿಯುತ್ತದೆ. ಡಬ್ಬಿ ನಿಂತಾಗ ನಡುವಿನದು ಇನ್ನೂ ತಿರುಗುತ್ತಿರುತ್ತದೆ. ಒಂದು ಪದರ ಇನ್ನೊಂದರ ಮೇಲೆ ಜಾರಿ ಜಗ್ಗುತ್ತದೆ. ಹತ್ತು ಸಲ ಹೀಗೆ ಮಾಡಿ ಮುಚ್ಚಳ ತೆಗೆದರೆ ಒಳಗೆ ಬಿರುಕುಗಳು. ಡಬ್ಬಿಗೆ ಒಂದು ಗೀರೂ ಇಲ್ಲ. ಡಬ್ಬಿಯ ಹೊರಗೆ ನಾಲ್ಕು ಪದರ ಸ್ಪಂಜು ಸುತ್ತಿ ಇದನ್ನೇ ಮಾಡಿದರೂ ಒಳಗಿನ ಕತೆ ಹೆಚ್ಚು ಬದಲಾಗುವುದಿಲ್ಲ, ಏಕೆಂದರೆ ತಿರುಗುವುದು ನಿಂತಿಲ್ಲ.

ಹೋಲ್‌ಬರ್ನ್ ಬಳಸಿದ್ದು ಜೆಲಾಟಿನ್. ಮೆದುಳಿನ ಅಡ್ಡಕೊಯ್ತದ ಆಕಾರಕ್ಕೆ ಅದನ್ನು ಎರೆದು, ಮೇಣದ ಬುರುಡೆಯಲ್ಲಿಟ್ಟು, ತಿರುಗಿಸಿ, ಧ್ರುವೀಕೃತ ಬೆಳಕಿನಲ್ಲಿ ಎಲ್ಲೆಲ್ಲಿ ಜಗ್ಗಿದೆಯೆಂದು ನೋಡಿದರು. ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ 1943ರಲ್ಲಿ ಬಂದ ಪ್ರಬಂಧವದು. 1946ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಮಂಗಗಳ ಬುರುಡೆಯ ಮೇಲ್ಭಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಕೂರಿಸಿ, ಪೆಟ್ಟು ಬಿದ್ದಾಗ ಮೆದುಳು ಒಳಗೆ ಸುಳಿಯುವುದನ್ನು ಫಿಲ್ಮಿನಲ್ಲಿ ಹಿಡಿದರು. ಇಂದಿನ ಕಾಲಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗ. 1974ರಲ್ಲಿ, ಅವಿಭಜಿತ ಭಾರತದಲ್ಲಿ ಹುಟ್ಟಿದ ಅಯೂಬ್ ಒಮ್ಮಯ ಮತ್ತು ಥಾಮಸ್ ಜೆನರೆಲ್ಲಿ, ಮಂಗದ ತಲೆ ನೇರವಾಗಿ ಅಲುಗಿದರೆ ಪ್ರಜ್ಞೆ ತಪ್ಪುವುದಿಲ್ಲ, ತಿರುಗಿದರೆ ತಪ್ಪುತ್ತದೆ ಎಂದು ತೋರಿಸಿದರು. ಕೊನೆಗೆ 2017ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಮಡಿಕೆಗಳೆಲ್ಲ ಇರುವ ಮೆದುಳಿನ ಕಂಪ್ಯೂಟರ್ ಮಾದರಿಗೆ ಫುಟ್‌ಬಾಲ್ ಢಿಕ್ಕಿಯೊಂದನ್ನು ಕೊಟ್ಟು ನೋಡಿದಾಗ, ಜಗ್ಗಾಟ ಅತಿ ಹೆಚ್ಚಾಗಿದ್ದದ್ದು ಮಡಿಕೆಗಳ ತಳದಲ್ಲಿ. ಟೌ ಗಂಟುಗಳು ಕೂತಿದ್ದ ಅದೇ ಜಾಗದಲ್ಲಿ!

ಹೆಲ್ಮೆಟ್ ಸುಳ್ಳಲ್ಲ. ಬುರುಡೆ ಬಿರಿಯದಂತೆ ನೋಡಿಕೊಳ್ಳುವ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ಬೈಕ್ ಸವಾರ ಜೀವಮಾನದಲ್ಲಿ ಒಮ್ಮೆ ಬೀಳಬಹುದು, ಆ ಒಂದು ಸಲಕ್ಕೆ ಅದು ಬೇಕೇಬೇಕು. ಲೈನ್‌ಬ್ಯಾಕರ್‌ನ ಲೆಕ್ಕವೇ ಬೇರೆ. ಪಂದ್ಯದಲ್ಲಿ, ಅಭ್ಯಾಸದಲ್ಲಿ, ದಿನಕ್ಕೆ ಎಷ್ಟೋ ಸಲ ಅವನ ತಲೆ ಝಾಡಿಸುತ್ತದೆ. ಪ್ರಜ್ಞೆ ತಪ್ಪುವುದಿಲ್ಲ, ತಲೆ ಸುತ್ತುವುದೂ ಇಲ್ಲ, ಎದ್ದು ಮುಂದಿನ ಆಟಕ್ಕೆ ನಿಲ್ಲುತ್ತಾನೆ. ಇದು ಕಂಕಶನ್ ಅಲ್ಲ, ಹಾಗಾಗಿ ಯಾವ ಪಟ್ಟಿಗೂ ಬರುವುದಿಲ್ಲ. 2023ರಲ್ಲಿ 631 ಆಟಗಾರರ ಮೆದುಳುಗಳನ್ನು, ಹೆಲ್ಮೆಟ್‌ನೊಳಗಿನ ಸಂವೇದಕಗಳಿಂದ ಹಿಂದೆ ಸಿಕ್ಕಿದ್ದ ಅಂಕಿಗಳ ಜೊತೆ ತಾಳೆ ನೋಡಿದರು. ಸಿಟಿಇಗೂ ಕಂಕಶನ್‌ಗಳ ಸಂಖ್ಯೆಗೂ ನಂಟು ಕಾಣಲಿಲ್ಲ. ವರ್ಷಗಟ್ಟಲೆ ತಲೆ ಉಂಡ ಒಟ್ಟು ಪೆಟ್ಟಿನ ಬಲಕ್ಕೂ ಸಿಟಿಇಗೂ ನಂಟು ಕಂಡಿತು. ಸೇಯಾವ್‌ನ ಹೆಸರಿನ ಮುಂದಿದ್ದ ಸೊನ್ನೆ ಸುಳ್ಳು ಎಂದು ಆತನ ಮಾಜಿ ಪತ್ನಿಯೇ ಹೇಳಿದ್ದರು, ಕಂಕಶನ್‌ಗಳು ಆಗಿದ್ದವು ಎಂದು. ಇರಲಿ. ಆ ಸೊನ್ನೆ ನಿಜವಾಗಿದ್ದರೂ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ ಅನ್ನುವುದೇ ಇಲ್ಲಿನ ತಿರುಳು.

ಹೀಗೊಂದು ಕಾಯಿಲೆ ಇರಬಹುದೆಂದು ಯಾರಿಗೂ ಗೊತ್ತಿರಲಿಲ್ಲವೇ? 1928ರಲ್ಲೇ ನ್ಯೂಜೆರ್ಸಿಯ ಹ್ಯಾರಿಸನ್ ಮಾರ್ಟ್‌ಲಂಡ್ ಬಾಕ್ಸರ್‌ಗಳಲ್ಲಿ ಇದನ್ನು ಗುರುತಿಸಿ ಬರೆದಿದ್ದರು. ಬಾಕ್ಸಿಂಗಿನವರ ಪಾಡು ಎಂದು ಫುಟ್‌ಬಾಲಿನವರು ಸುಮ್ಮನಿದ್ದರು. 2002ರಲ್ಲಿ ಪಿಟ್ಸ್‌ಬರ್ಗ್‌ನ ಹೆಸರಾಂತ ಆಟಗಾರ ಮೈಕ್ ವೆಬ್‌ಸ್ಟರ್ 50ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಶವಪರೀಕ್ಷೆ ಮಾಡಿದ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಮೆದುಳನ್ನು ಎತ್ತಿಟ್ಟು ಪರೀಕ್ಷಿಸಿದರು. 2005ರಲ್ಲಿ ಅವರ ಪ್ರಬಂಧ ಬಂದದ್ದೇ ತಡ, ಎನ್‌ಎಫ್‌ಎಲ್‌ನ ತಲೆಪೆಟ್ಟು ಸಮಿತಿಯ ವೈದ್ಯರು ಅದನ್ನು ವಾಪಸ್ ಪಡೆಯಬೇಕೆಂದು ಪತ್ರಿಕೆಗೆ ಬರೆದರು. ಆ ಸಮಿತಿಯ ಮುಖ್ಯಸ್ಥರಾಗಿದ್ದವರು ನರತಜ್ಞರಲ್ಲ, ಕೀಲುವಾತದ ವೈದ್ಯರು! ಫುಟ್‌ಬಾಲಿಗೂ ಸಿಟಿಇಗೂ ನಂಟಿದೆಯೆಂದು ಲೀಗ್‌ನ ಹಿರಿಯ ಅಧಿಕಾರಿಯೊಬ್ಬರು ಬಾಯಿಬಿಟ್ಟು ಒಪ್ಪಿದ್ದು 2016ರಲ್ಲಿ.

ಹಾಗೆಂದು ಇನ್ನೊಂದು ಕಡೆಯ ಅಬ್ಬರವನ್ನೂ ನಾನು ಒಪ್ಪಲಾರೆ. ಬಾಸ್ಟನ್ ವಿಶ್ವವಿದ್ಯಾಲಯದ ಆನ್ ಮೆಕೀ ಅವರ ತಂಡ 2017ರಲ್ಲಿ 111 ಎನ್‌ಎಫ್‌ಎಲ್ ಆಟಗಾರರ ಮೆದುಳು ನೋಡಿ 110ರಲ್ಲಿ ಸಿಟಿಇ ಕಂಡಿತು. ನೂರಕ್ಕೆ ತೊಂಬತ್ತೊಂಬತ್ತು ಆಟಗಾರರಿಗೆ ಮೆದುಳಿನ ಕಾಯಿಲೆ ಎಂದು ಸುದ್ದಿ ಓಡಿತು. ಮೆಕೀ ಹಾಗೆ ಹೇಳಿರಲಿಲ್ಲ. ಗಂಡನೋ ಅಪ್ಪನೋ ವಿಚಿತ್ರವಾಗಿ ಆಡತೊಡಗಿದ ಮೇಲೆ ತಾನೇ ಮನೆಯವರು ಮೆದುಳು ದಾನ ಮಾಡುವುದು? ಚೆನ್ನಾಗಿ ಬಾಳಿ ಹೋದವರ ಮೆದುಳು ಪ್ರಯೋಗಾಲಯಕ್ಕೆ ಬರುವುದೇ ಅಪರೂಪ. ಹಾಗೆಯೇ ಸೇಯಾವ್‌ನ ಸಾವಿಗೆ ಸಿಟಿಇಯೇ ಕಾರಣ ಎಂದು ಗಂಟುಗಳನ್ನು ನೋಡಿ ತೀರ್ಪು ಕೊಡುವಂತಿಲ್ಲ. ಒಬ್ಬ ಮನುಷ್ಯ ಅಲ್ಲಿಗೆ ತಲುಪಲು ಹಲವು ದಾರಿಗಳಿರುತ್ತವೆ.

ಇನ್ನು ಸಾಮಾನು ಮಾರುವವರ ವಿಷಯ. ಮರಕುಟಿಗ ದಿನವಿಡೀ ಕೊಕ್ಕಿನಿಂದ ಕಾಂಡ ಕುಟ್ಟಿದರೂ ಅದಕ್ಕೆ ತಲೆನೋವು ಬರುವುದಿಲ್ಲ, ಬುರುಡೆಯಲ್ಲೇ ಶಾಕ್ ಅಬ್ಸಾರ್ಬರ್ ಇದೆ ಎಂಬ ಕತೆಯನ್ನು ನೀವೂ ಕೇಳಿರುತ್ತೀರಿ. ಮರಕುಟಿಗದ ಹೆಸರು ಹೇಳಿಕೊಂಡು ಕುತ್ತಿಗೆಪಟ್ಟಿಯೊಂದು ಮಾರುಕಟ್ಟೆಗೆ ಬಂದಿದೆ. ಕುತ್ತಿಗೆಯ ರಕ್ತನಾಳವನ್ನು ಮೆಲ್ಲಗೆ ಒತ್ತಿ, ಬುರುಡೆಯೊಳಗೆ ತುಸು ಹೆಚ್ಚು ರಕ್ತ ನಿಲ್ಲಿಸಿದರೆ ಮೆದುಳು ಅಲುಗುವುದು ಕಡಿಮೆಯಾಗುತ್ತದೆ ಎಂಬ ತರ್ಕ ಅದರದು. ಕ್ಯಾರೊಲೈನಾ ಪ್ಯಾಂಥರ್ಸ್‌ನ ಪ್ರತಿಭಾವಂತ ಲೈನ್‌ಬ್ಯಾಕರ್ ಲೂಕ್ ಕೀಕ್ಲಿ 2017ರಲ್ಲಿ ಅದನ್ನು ಹಾಕಿಕೊಂಡು ಆಡಿದ. ಅದೇ ವರ್ಷ ತಲೆಪೆಟ್ಟಿನ ತಪಾಸಣೆಗೆ ಮೈದಾನದಿಂದ ಹೊರಗೆ ಹೋಗಬೇಕಾಯಿತು, 2020ರಲ್ಲಿ 28ನೇ ವಯಸ್ಸಿಗೇ ಆಟ ಬಿಟ್ಟ. ಒಬ್ಬನಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ 2021ರಲ್ಲಿ ಪಟ್ಟಿಯ ಮಾರಾಟಕ್ಕೆ ಅನುಮತಿ ಕೊಟ್ಟ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ, ಇದು ಕಂಕಶನ್ ತಡೆಯುತ್ತದೆಂದು ತೋರಿಸುವ ದತ್ತಾಂಶ ಇಲ್ಲ ಎಂದು ಬರೆದೇ ಅನುಮತಿ ಕೊಟ್ಟಿತು. ಮರಕುಟಿಗದ ಕತೆಯೂ 2022ರಲ್ಲಿ ಕುಸಿಯಿತು. ಬೆಲ್ಜಿಯಂನ ಸ್ಯಾಮ್ ವಾನ್ ವಾಸೆನ್‌ಬರ್ಗ್ ಮತ್ತು ಸಂಗಡಿಗರು ಅತಿವೇಗದ ಕ್ಯಾಮೆರಾ ಇಟ್ಟು ನೋಡಿದರೆ, ಕೊಕ್ಕು ಎಷ್ಟು ಬೇಗ ನಿಲ್ಲುತ್ತದೋ ಬುರುಡೆಯೂ ಅಷ್ಟೇ ಬೇಗ ನಿಲ್ಲುತ್ತದೆ. ಪೆಟ್ಟು ಹೀರುವ ಏರ್ಪಾಡೇ ಇಲ್ಲ. ಹಕ್ಕಿ ಬದುಕುಳಿಯುವುದು ಅದರ ಮೆದುಳು ತೀರಾ ಚಿಕ್ಕದಾಗಿರುವುದರಿಂದ.

ಹಾಗಾದರೆ ಉಳಿಯುವ ದಾರಿ ಪೆಟ್ಟುಗಳ ಲೆಕ್ಕವನ್ನೇ ಇಳಿಸುವುದು. ಸ್ಯಾನ್ ಫ್ರಾನ್ಸಿಸ್ಕೊದ ಲೈನ್‌ಬ್ಯಾಕರ್ ಕ್ರಿಸ್ ಬೋರ್ಲಂಡ್ ಸೊನ್ನೆಗೇ ಇಳಿಸಿದ. 2014ರಲ್ಲಿ ಒಂದೇ ಒಂದು ಸೀಸನ್, ಅದೂ ಅದ್ಭುತವಾಗಿ ಆಡಿ, ಮರುವರ್ಷದ ಮಾರ್ಚ್‌ನಲ್ಲಿ ‘ಸಾಕು’ ಎಂದು ಹೇಳಿ, ಸಹಿ ಹಾಕಿದಾಗ ಪಡೆದಿದ್ದ ಹಣದ ಮುಕ್ಕಾಲು ಪಾಲು ತಂಡಕ್ಕೆ ವಾಪಸ್ ಕೊಟ್ಟ. ಆಗ ಅವನಿಗೆ 24 ವರ್ಷ. ಇದ್ದದ್ದು ಕಾಯಿಲೆಯಲ್ಲ, ಓದಿ ತಿಳಿದುಕೊಂಡ ವಿಚಾರ.

ಎಲ್ಲರೂ ಬೋರ್ಲಂಡ್ ಆಗಲಾರರು, ಆಟ ನಿಲ್ಲುವುದೂ ಇಲ್ಲ. ಆದರೆ ಪೆಟ್ಟುಗಳಲ್ಲಿ ಬಹುಪಾಲು ಬೀಳುವುದು ಪಂದ್ಯದಲ್ಲಲ್ಲ, ಅಭ್ಯಾಸದಲ್ಲಿ. ಇದನ್ನು ಹಿಡಿದೇ 2011ರ ಒಪ್ಪಂದದಲ್ಲಿ ಎನ್‌ಎಫ್‌ಎಲ್ ಆಟಗಾರರು ಸೀಸನ್ ನಡುವೆ ಪೂರ್ತಿ ಕವಚ ತೊಟ್ಟು ಮಾಡುವ ಅಭ್ಯಾಸವನ್ನು 14 ದಿನಕ್ಕೆ ಇಳಿಸಿಕೊಂಡರು. ಡಾರ್ಟ್‌ಮತ್ ಕಾಲೇಜಿನ ಕೋಚ್ ಬಡ್ಡಿ ಟೀವನ್ಸ್ 2010ರಲ್ಲೇ ಇನ್ನೂ ಮುಂದೆ ಹೋಗಿ, ತಮ್ಮ ಹುಡುಗರು ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡವಕೂಡದು ಎಂದು ಆಜ್ಞೆ ಮಾಡಿದರು. ಆಮೇಲೆ ಅಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೈದಾನದಲ್ಲಿ ಆಟಗಾರನಂತೆ ಓಡಾಡಿ, ಬಿದ್ದರೂ ತಾನೇ ಎದ್ದು ನಿಲ್ಲುವ ರಿಮೋಟ್ ಬೊಂಬೆಯೊಂದನ್ನು ಮಾಡಿಕೊಟ್ಟರು. ಹುಡುಗರು ಕೆಡವಿದ್ದು ಅದನ್ನು. ಅಭ್ಯಾಸವಿಲ್ಲದೆ ಇವರು ಪಂದ್ಯದಲ್ಲಿ ಟ್ಯಾಕಲ್ ಮಾಡಿಯಾರೇ, ಅಂದರೆ ಎದುರಾಳಿಯನ್ನು ಕೆಡವಿಯಾರೇ ಎಂಬ ಅನುಮಾನಕ್ಕೆ ಉತ್ತರ ಅಂಕಪಟ್ಟಿಯಲ್ಲಿದೆ: 2008ರಲ್ಲಿ ಹತ್ತಕ್ಕೆ ಹತ್ತೂ ಪಂದ್ಯ ಸೋತಿದ್ದ ಡಾರ್ಟ್‌ಮತ್ 2015ರಲ್ಲಿ ಹಾರ್ವರ್ಡ್ ಮತ್ತು ಪೆನ್ ವಿಶ್ವವಿದ್ಯಾಲಯಗಳ ಜೊತೆ ಐವಿ ಲೀಗ್ ಪ್ರಶಸ್ತಿ ಹಂಚಿಕೊಂಡಿತು. ಮರುವರ್ಷ ಲೀಗ್‌ನ ಎಂಟೂ ತಂಡಗಳ ಕೋಚ್‌ಗಳು ಸೀಸನ್ ನಡುವಿನ ಅಭ್ಯಾಸದಲ್ಲಿ ಟ್ಯಾಕಲ್ ಬೇಡವೆಂದು ಒಮ್ಮತದಿಂದ ತೀರ್ಮಾನಿಸಿದರು.